ಆದಾಯ ನೆರವಿನ ಅರ್ಜಿಗೆ ಸಹಿ ಹಾಕುವ ಮುನ್ನ

ಸರ್ಕಾರದ ಆದಾಯ ನೆರವು ಕೋರಿ ಅರ್ಜಿ ತುಂಬುವವರು ಹೆಸರು, ವಿಳಾಸ, ಬ್ಯಾಂಕ್ ಖಾತೆಯ ಸಂಖ್ಯೆ ಬರೆಯುವಾಗ ಎರಡೆರಡು ಸಲ ನೋಡಿಕೊಳ್ಳುತ್ತಾರೆ. ಆದರೆ ಕೊನೆಯ ಪುಟಕ್ಕೆ ಬಂದಾಗ, ಕೆಲಸ ಮುಗಿಯಿತೆಂಬ ನಿರಾಳದಲ್ಲಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿಬಿಡುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಇಡೀ ಅರ್ಜಿಗೆ ಬಲ ಬರುವುದು ಆ ಸಹಿಯಿಂದಲೇ. ಅದು ಬಿದ್ದ ಕ್ಷಣದಿಂದ, ಬೇರೆಯವರು ಬರೆದುಕೊಟ್ಟ ಸಾಲುಗಳೂ ಸೇರಿದಂತೆ, ಅರ್ಜಿಯಲ್ಲಿರುವ ಪ್ರತಿಯೊಂದೂ ಅರ್ಜಿದಾರರ ಹೇಳಿಕೆಯಾಗುತ್ತದೆ.

ಆದ್ದರಿಂದ ಓದುವುದನ್ನು ಕೊನೆಯ ಪುಟದಿಂದ ಆರಂಭಿಸುವುದು ಒಳ್ಳೆಯದು. ಸಹಿಯ ಜಾಗಕ್ಕಿಂತ ಸ್ವಲ್ಪ ಮೇಲೆ, ಸಾಮಾನ್ಯವಾಗಿ ಸಣ್ಣ ಅಕ್ಷರಗಳಲ್ಲಿ, ಮೂರು ಬೇರೆ ಬೇರೆ ವಿಷಯಗಳು ಬೆರೆತಿರುತ್ತವೆ. ಕೊಟ್ಟ ವಿವರಗಳು ಸತ್ಯವೆಂಬ ಘೋಷಣೆ, ಆ ವಿವರಗಳನ್ನು ಪರಿಶೀಲಿಸಲು ಇಲಾಖೆಗೆ ಕೊಡುವ ಒಪ್ಪಿಗೆ, ಮುಂದೆ ಪರಿಸ್ಥಿತಿ ಬದಲಾದರೆ ತಿಳಿಸುತ್ತೇನೆಂಬ ಮುಚ್ಚಳಿಕೆ ಎಂದು ಇವನ್ನು ಬಿಡಿಸಿ ಓದಿಕೊಳ್ಳಬೇಕು.

ಘೋಷಣೆಯಲ್ಲಿ ‘ಸತ್ಯ’ ಎಂಬ ಮಾತಿನ ಜೊತೆಗೆ ‘ಪೂರ್ಣ’ ಎಂಬ ಮಾತೂ ಇರುವುದು ವಾಡಿಕೆ, ಮತ್ತು ಪ್ರಾಮಾಣಿಕರು ತೊಂದರೆಗೆ ಸಿಲುಕುವುದು ಹೆಚ್ಚಾಗಿ ಈ ಎರಡನೆಯ ಮಾತಿನಲ್ಲಿ. ಸುಳ್ಳು ಬರೆಯದಿದ್ದರೂ ಕೇಳಿದ್ದನ್ನು ಬಿಟ್ಟರೆ ಘೋಷಣೆ ತಪ್ಪಾಗುತ್ತದೆ. ಮಕ್ಕಳ ಹೆಸರಿನ ಠೇವಣಿ, ಸಂಬಂಧಿಕರೊಂದಿಗಿನ ಜಂಟಿ ಖಾತೆ, ಆಗಾಗ ಸಿಗುವ ದಿನಗೂಲಿ, ಊರಲ್ಲಿರುವ ಪಾಲಿನ ಜಮೀನು, ಬಂಧುಗಳು ಕಳುಹಿಸುವ ಹಣ ಇವುಗಳನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಅನೇಕರಿಗೆ ತೋಚುವುದೇ ಇಲ್ಲ. ಹಿಡಿಯಬೇಕೋ ಬೇಡವೋ ಎಂಬ ಅನುಮಾನ ಬಂದರೆ ವಿವರವನ್ನು ಬರೆದು, ತೀರ್ಮಾನವನ್ನು ಅಧಿಕಾರಿಗೆ ಬಿಡುವುದು ಕ್ಷೇಮ. ಆದಾಯ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತಿದ್ದರೆ ಒಂದು ಖಚಿತ ಮೊತ್ತವನ್ನು ಊಹಿಸಿ ಬರೆಯುವ ಬದಲು, ಮೊತ್ತದ ಪಕ್ಕದಲ್ಲೇ ‘ಅಂದಾಜು’ ಎಂದು ನಮೂದಿಸಿ, ಯಾವ ತಿಂಗಳುಗಳ ಗಳಿಕೆಯನ್ನು ನೋಡಿ ಆ ಅಂದಾಜಿಗೆ ಬಂದಿರಿ ಎಂಬುದನ್ನು ಒಂದು ಸಾಲಿನಲ್ಲಿ ಸೇರಿಸಬೇಕು.

ಒಪ್ಪಿಗೆಯ ಭಾಗದಲ್ಲಿ ಇಲಾಖೆ ಯಾರ ಬಳಿ ವಿಚಾರಿಸಬಹುದು (ಬ್ಯಾಂಕ್, ತೆರಿಗೆ ಇಲಾಖೆ, ಕೆಲಸ ಕೊಟ್ಟವರು, ಮನೆಯ ಮಾಲೀಕರು) ಮತ್ತು ಆ ಒಪ್ಪಿಗೆ ಎಷ್ಟು ಕಾಲ ಜಾರಿಯಲ್ಲಿರುತ್ತದೆ ಎಂಬುದನ್ನು ಗಮನಿಸಬೇಕು. ಒಪ್ಪಿಗೆ ಕೊಡದಿದ್ದರೆ ಸಾಮಾನ್ಯವಾಗಿ ಅರ್ಜಿ ಮುಂದೆ ಸಾಗುವುದಿಲ್ಲ. ಹಾಗೆಂದು ಯಾವುದಾದರೂ ಷರತ್ತು ಅರ್ಥವಾಗದಿದ್ದಾಗ ಸುಮ್ಮನೆ ಸಹಿ ಹಾಕಬೇಕಾಗಿಯೂ ಇಲ್ಲ, ತಾವೇ ಆ ಸಾಲನ್ನು ಹೊಡೆದುಹಾಕಲೂಬಾರದು. ಅದರ ಅರ್ಥವೇನೆಂದು ಅಧಿಕಾರಿಯನ್ನು ಕೇಳಿ ತಿಳಿದುಕೊಳ್ಳಬೇಕು. ಕಷ್ಟದಲ್ಲಿರುವವರು ಪ್ರಶ್ನೆ ಕೇಳಿದರೆ ನೆರವು ಕೈತಪ್ಪೀತೆಂದು ಹೆದರುತ್ತಾರೆ. ಆ ಹೆದರಿಕೆಗೆ ಆಧಾರವಿಲ್ಲ. ಅರ್ಜಿದಾರರಿಗೆ ತಿಳಿಯುವಂತೆ ವಿವರಿಸುವುದು ಕಚೇರಿಯ ಕೆಲಸ, ಅದು ಯಾರೂ ಮಾಡುವ ಉಪಕಾರವಲ್ಲ.

ಮುಚ್ಚಳಿಕೆ ಮಾತ್ರ ಸಹಿಯ ದಿನಕ್ಕೆ ಮುಗಿಯುವುದಿಲ್ಲ. ಕೆಲಸ ಸಿಕ್ಕಿದರೆ, ಮದುವೆಯಾದರೆ ಅಥವಾ ದಂಪತಿ ಬೇರೆಯಾದರೆ, ಮನೆಗೆ ಒಬ್ಬರು ಬಂದು ಸೇರಿದರೆ, ವಿಳಾಸ ಬದಲಾದರೆ ಇಂತಿಷ್ಟು ದಿನದೊಳಗೆ ತಿಳಿಸಬೇಕೆಂಬ ಗಡುವು ಅದರಲ್ಲಿರುತ್ತದೆ. ತಿಳಿಸದೆ ಉಳಿದು ಹೆಚ್ಚಿನ ಹಣ ಖಾತೆಗೆ ಬಂದರೆ, ಅರ್ಜಿದಾರರಿಗೆ ಮೋಸದ ಉದ್ದೇಶವಿಲ್ಲದಿದ್ದರೂ, ಆ ಹಣವನ್ನು ವಸೂಲಿ ಮಾಡುವ ನಿಯಮ ಅನೇಕ ಯೋಜನೆಗಳಲ್ಲಿದೆ. ಗಡುವನ್ನೂ, ತಿಳಿಸಬೇಕಾದ ಬದಲಾವಣೆಗಳನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಕಣ್ಣಿಗೆ ಬೀಳುವ ಕಡೆ ಇಟ್ಟುಕೊಳ್ಳಿ.

ಇನ್ನು ಸಹಿ ಯಾರದ್ದಿರಬೇಕು ಎಂಬ ಪ್ರಶ್ನೆ. ಕುಟುಂಬದ ಒಟ್ಟು ಆದಾಯವನ್ನು ನೋಡುವ ಯೋಜನೆಗಳಲ್ಲಿ ಅರ್ಜಿದಾರರ ಸಹಿಯಷ್ಟೇ ಸಾಲದೆ ಸಂಗಾತಿಯ ಒಪ್ಪಿಗೆಯೂ ಬೇಕಾಗಬಹುದು. ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್ ಎಂಬ ಆದಾಯ ನೆರವಿನ ಯೋಜನೆಯಲ್ಲಿ ದಂಪತಿ ಜಂಟಿಯಾಗಿ ಅರ್ಜಿ ಹಾಕಿದರೂ ಇಬ್ಬರೂ ತಮ್ಮ ತಮ್ಮ ಹೊಣೆಗಳನ್ನು ಪ್ರತ್ಯೇಕವಾಗಿ ಒಪ್ಪಬೇಕು. ವೃದ್ಧ ತಂದೆತಾಯಿಯ ಪರವಾಗಿ ಮಕ್ಕಳು ಅವರ ಸಹಿಯನ್ನೇ ಅನುಕರಿಸಿ ಹಾಕುವುದು, ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ, ತಪ್ಪು. ಅಧಿಕಾರವಿದ್ದರೆ ತಮ್ಮ ಹೆಸರಿನಲ್ಲೇ ಸಹಿ ಹಾಕಿ, ‘ಇಂಥವರ ಪರವಾಗಿ’ ಎಂದು ಬರೆದು, ಸಂಬಂಧವನ್ನು ನಮೂದಿಸಬೇಕು. ಆ ಅಧಿಕಾರವನ್ನು ಆಯಾ ಇಲಾಖೆ ಒಪ್ಪುತ್ತದೆಯೇ ಎಂದು ಮೊದಲೇ ವಿಚಾರಿಸುವುದು ಅಗತ್ಯ. ಉದಾಹರಣೆಗೆ, ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ ಇನ್ನೊಬ್ಬರ ನೆರವಿನ ಹಣವನ್ನು ನಿರ್ವಹಿಸಲು ಮುಖ್ತಿಯಾರ್ ಪತ್ರವನ್ನು (ಪವರ್ ಆಫ್ ಅಟಾರ್ನಿ) ಒಪ್ಪುವುದಿಲ್ಲ. ತಾನೇ ನೇಮಿಸಿದ ಪ್ರತಿನಿಧಿಯ ಕೈಗೆ ಮಾತ್ರ ಹಣ ಕೊಡುತ್ತದೆ.

ಬರೆಯಲು ಬಾರದವರ, ಕೈ ನಡುಗುವವರ ಅರ್ಜಿಗೂ ದಾರಿಯಿದೆ. ಭಾರತದಲ್ಲಿ 1897ರ ಸಾಮಾನ್ಯ ಖಂಡಗಳ ಅಧಿನಿಯಮದ ಪ್ರಕಾರ, ಹೆಸರು ಬರೆಯಲಾಗದವರು ಹಾಕುವ ಗುರುತೂ ಸಹಿಯೇ. ಅಮೆರಿಕದ ಸಾಮಾಜಿಕ ಭದ್ರತಾ ಅರ್ಜಿಗಳಲ್ಲಿ ಹಾಗೆ ಗುರುತು ಹಾಕಿದಾಗ ಇಬ್ಬರು ಸಾಕ್ಷಿಗಳ ಸಹಿ ಬೇಕು. ಹೆಬ್ಬೆಟ್ಟು ಒತ್ತುವುದಾದರೆ ಬೆರಳನ್ನು ಒರೆಸಿ ಒಣಗಿಸಿ, ಶಾಯಿಯನ್ನು ತೆಳುವಾಗಿ ಹಚ್ಚಿ, ಗೆರೆಗಳು ಸ್ಪಷ್ಟವಾಗಿ ಮೂಡುವಂತೆ ಒತ್ತಿ, ಪಕ್ಕದಲ್ಲಿ ಯಾರದು, ಯಾವ ಕೈಯದು ಎಂದು ಬರೆಸಬೇಕು. ಇಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಬೇರೆಯೇ ಇದೆ: ಗುರುತು ಒತ್ತುವ ಮೊದಲು ಅರ್ಜಿಯನ್ನು ಆರಂಭದಿಂದ ಕೊನೆಯವರೆಗೆ, ಅವರಿಗೆ ತಿಳಿಯುವ ಭಾಷೆಯಲ್ಲಿ, ಗಟ್ಟಿಯಾಗಿ ಓದಿ ಹೇಳಲೇಬೇಕು. ಓದಿ ಹೇಳುವವರು ಆ ಹಣದಿಂದ ತಮಗೆ ಲಾಭವಿರುವವರಾಗಿರಬಾರದು. ‘ಓದಿ ಹೇಳಿ ವಿವರಿಸಲಾಗಿದೆ’ ಎಂಬ ಸಾಲಿನ ಕೆಳಗೆ ಅವರ ಹೆಸರು ಮತ್ತು ಸಹಿ ಇದ್ದರೆ ಮುಂದೆ ವಿವಾದ ಬಂದಾಗ ಅದೇ ಆಧಾರ.

ಖಾಲಿ ಅರ್ಜಿಗೆ ಯಾವ ಕಾರಣಕ್ಕೂ ಸಹಿ ಹಾಕಬಾರದು. ‘ನೀವು ಸಹಿ ಮಾಡಿ ಹೋಗಿ, ಉಳಿದದ್ದನ್ನು ನಾವು ತುಂಬಿಕೊಳ್ಳುತ್ತೇವೆ’ ಎನ್ನುವ ಮಧ್ಯವರ್ತಿ ಎಷ್ಟೇ ಪರಿಚಿತರಾಗಿದ್ದರೂ, ಅವರು ಆಮೇಲೆ ಬರೆಯುವ ಆದಾಯಕ್ಕೂ ಖಾತೆ ಸಂಖ್ಯೆಗೂ ಉತ್ತರ ಕೊಡಬೇಕಾದವರು ಸಹಿ ಹಾಕಿದವರು. ಅನ್ವಯಿಸದ ಕಡೆಗಳಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದು, ಖಾಲಿ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆಯಬೇಕು. ತಪ್ಪಾಗಿದ್ದರೆ ವೈಟ್ನರ್ ಹಚ್ಚದೆ, ಹಳೆಯ ಬರಹ ಕಾಣುವಂತೆ ಒಂದೇ ಗೆರೆಯಿಂದ ಹೊಡೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಕಿರುಸಹಿ ಹಾಕಬೇಕು. ಸಹಿ ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ. ದಿನಾಂಕ ನಿಜವಾಗಿ ಸಹಿ ಹಾಕಿದ ದಿನದ್ದೇ ಆಗಿರಲಿ.

ನೆರವು ಬೇಗ ಸಿಗಲೆಂದು ಹಿಂದಿನ ದಿನಾಂಕ ಹಾಕುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಬಹಳಷ್ಟು ಕಡೆ ಲೆಕ್ಕಕ್ಕೆ ಬರುವುದು ಅರ್ಜಿ ಕಚೇರಿಯನ್ನು ತಲುಪಿದ ದಿನ. ಕೆಲವು ವ್ಯವಸ್ಥೆಗಳಲ್ಲಿ ಅರ್ಜಿ ಹಾಕುವ ಉದ್ದೇಶವನ್ನು ತಿಳಿಸಿದ ದಿನವನ್ನೇ ಅರ್ಜಿಯ ದಿನವಾಗಿ ಕಾಯ್ದಿರಿಸಿ, ಪೂರ್ಣ ಅರ್ಜಿ ಸಲ್ಲಿಸಲು ಕಾಲಾವಕಾಶ ಕೊಡುತ್ತಾರೆ. ಅಂಥ ಅವಕಾಶವಿದೆಯೇ ಎಂದು ಕೇಳಿದರೆ ಅವಸರದಲ್ಲಿ ಸಹಿ ಹಾಕುವ ಒತ್ತಡ ತಪ್ಪುತ್ತದೆ.

ಆನ್‌ಲೈನ್ ಅರ್ಜಿಯಲ್ಲಿ ಪೆನ್ನು ಕಾಣದಿದ್ದರೂ ಸಹಿ ಇರುತ್ತದೆ. ‘ಒಪ್ಪುತ್ತೇನೆ’ ಎಂಬ ಚೌಕದಲ್ಲಿ ಗುರುತು ಹಾಕುವುದು, ಹೆಸರನ್ನು ಟೈಪ್ ಮಾಡುವುದು, ಮೊಬೈಲಿಗೆ ಬಂದ ಓಟಿಪಿಯನ್ನು ನಮೂದಿಸುವುದು, ಇವೆಲ್ಲ ಆಯಾ ವ್ಯವಸ್ಥೆಯಲ್ಲಿ ಸಹಿಯ ಸ್ಥಾನದಲ್ಲಿ ನಿಲ್ಲಬಹುದು. ಬೇರೆಯವರು ಅರ್ಜಿ ತುಂಬಿಕೊಡುತ್ತಿದ್ದರೆ, ಅವರಿಗೆ ಓಟಿಪಿಯನ್ನು ಓದಿ ಹೇಳುವ ಮೊದಲು ಪರದೆಯ ಮೇಲಿನ ಪೂರ್ಣ ಅರ್ಜಿಯನ್ನು ತೋರಿಸುವಂತೆ, ಸಲ್ಲಿಸಿದ ಬಳಿಕ ಅದರ ಪ್ರತಿಯನ್ನು ಮುದ್ರಿಸಿಕೊಡುವಂತೆ ಕೇಳಿ ಪಡೆಯಿರಿ.

ಕಾಗದದ ಅರ್ಜಿಯಾದರೆ ಸಹಿ ಹಾಕಿದ ನಂತರ, ಸಲ್ಲಿಸುವ ಮೊದಲು, ಎಲ್ಲ ಪುಟಗಳ ಜೆರಾಕ್ಸ್ ತೆಗೆಸಿ, ಸಲ್ಲಿಸಿದಾಗ ದಿನಾಂಕ ಮತ್ತು ಮೊಹರು ಇರುವ ಸ್ವೀಕೃತಿ ಪಡೆಯಬೇಕು. ಸಲ್ಲಿಸಿದ ಮೇಲೆ ತಪ್ಪು ಗಮನಕ್ಕೆ ಬಂದರೆ ಕಚೇರಿಯವರು ಕಂಡುಹಿಡಿಯಲಿ ಎಂದು ಕಾಯಬಾರದು. ಅರ್ಜಿಯ ಸಂಖ್ಯೆ, ತಪ್ಪಿರುವ ಪುಟ ಮತ್ತು ಪ್ರಶ್ನೆ, ಬರೆದದ್ದೇನು, ಆಗಬೇಕಾದದ್ದೇನು ಎಂಬುದನ್ನು ಸ್ಪಷ್ಟವಾಗಿ ತಿಳಿಸುವ ಪತ್ರವನ್ನು ಸಹಿ ಮತ್ತು ದಿನಾಂಕದೊಂದಿಗೆ ಕೂಡಲೇ ಕೊಟ್ಟು, ಅದಕ್ಕೂ ಸ್ವೀಕೃತಿ ಪಡೆದು, ಅರ್ಜಿಯ ಪ್ರತಿಯೊಂದಿಗೆ ಸೇರಿಸಿ ಇಟ್ಟುಕೊಳ್ಳಬೇಕು.