ತಪ್ಪು ಅಂಗಳದಲ್ಲಿ ಗೊತ್ತಾಗುವ ಕೆಲಸಗಳು

ಕಾರಿನ ಏಸಿ ಹಾಕಿದರೆ ಮುಗ್ಗಲು ವಾಸನೆ ಬರುತ್ತಿತ್ತು. ಸರ್ವಿಸ್ ಮಾಡಿಸಿ ಮೂರು ವಾರವೂ ಆಗಿರಲಿಲ್ಲ. ಬಿಲ್ಲಿನಲ್ಲಿ ಏಸಿ ಫಿಲ್ಟರ್ ಬದಲಿಸಿದ್ದಕ್ಕೆ ದುಡ್ಡನ್ನೂ ಹಾಕಿದ್ದರು. ಕೈಪಿಡಿ ತೆರೆದು ನೋಡಿ, ಗ್ಲೌ ಬಾಕ್ಸಿನ ಎರಡು ಬದಿಯನ್ನು ಒಳಕ್ಕೆ ಒತ್ತಿ ಇಳಿಸಿದೆ. ಹಿಂದಿನ ಮುಚ್ಚಳದ ಕ್ಲಿಪ್ ಬಿಡಿಸಿ ಫಿಲ್ಟರ್ ಎಳೆದರೆ, ಕಪ್ಪಿಟ್ಟ ಮಡಿಕೆಗಳ ನಡುವೆ ನಮ್ಮದೇ ಅಂಗಳದ ನೆಲ್ಲಿಮರದ ಸಣ್ಣೆಲೆಗಳು ಒಣಗಿ ಕೂತಿದ್ದವು. ಅದನ್ನು ಯಾರೂ ಮುಟ್ಟಿರಲೇ ಇಲ್ಲ. ಬಹಳ ಸಿಟ್ಟು ಬಂತು. ಹೊಸ ಫಿಲ್ಟರ್ ತಂದು ಹಾಕುವುದಕ್ಕೆ ಹಿಡಿದದ್ದು ಹತ್ತು ನಿಮಿಷ.

ಆ ಸಿಟ್ಟಿನಲ್ಲಿ ಎಲ್ಲವನ್ನೂ ನಾನೇ ಮಾಡಿಕೊಳ್ಳುತ್ತೇನೆ ಎಂದು ಹೊರಟಿದ್ದೆ. ಈಗ ಹಾಗೆ ಮಾಡುವುದಿಲ್ಲ. ನಾನಿರುವುದು ತೀರ್ಥಹಳ್ಳಿಯಲ್ಲಿ. ಹದಿನೈದು ದಿನಕ್ಕೊಮ್ಮೆಯಾದರೂ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತೇನೆ. ಹಾಗಾಗಿ ಪ್ರತಿ ಕೆಲಸಕ್ಕೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಾನು ಇದನ್ನು ತಪ್ಪಾಗಿ ಮಾಡಿದರೆ ಆ ತಪ್ಪು ಎಲ್ಲಿ ಗೊತ್ತಾಗುತ್ತದೆ? ಅಂಗಳದಲ್ಲೋ, ಘಾಟಿಯ ಹದಿನಾಲ್ಕು ತಿರುವುಗಳ ಪೈಕಿ ಯಾವುದೋ ಒಂದರಲ್ಲೋ?

ಅಂಗಳದಲ್ಲೇ ಗೊತ್ತಾಗುವ ಕೆಲಸಗಳು ಬಹಳ ಇವೆ. ಏರ್ ಫಿಲ್ಟರ್, ಏಸಿ ಫಿಲ್ಟರ್, ವೈಪರ್ ರಬ್ಬರು, ವಾಷರ್ ನೀರು, ಬಲ್ಬು, ಟೈರಿನ ಗಾಳಿ. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ನನ್ನದೇ ಗೇಜಿನಲ್ಲಿ ನೋಡುತ್ತೇನೆ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಕಂಬದ ಸ್ಟಿಕರಿನಲ್ಲೇ ಇದೆ. ವೈಪರನ್ನು ಮೇ ತಿಂಗಳಲ್ಲೇ ಬದಲಿಸುತ್ತೇನೆ. ಬೇಸಿಗೆಯ ಬಿಸಿಲಿಗೆ ಗಡುಸಾದ ರಬ್ಬರನ್ನು ಆಗುಂಬೆಯ ಮಳೆಗೆ ಒಡ್ಡಿದರೆ ಅದು ನೀರನ್ನು ಒರೆಸುವುದಿಲ್ಲ, ಗಾಜಿನ ಮೇಲೆ ಬಳಿಯುತ್ತದೆ. ಮಲೆನಾಡಿನವರು ಇನ್ನೊಂದು ಜಾಗವನ್ನೂ ನೋಡಬೇಕು: ವೈಪರಿನ ಕೆಳಗಿನ ಜಾಲರಿ. ಅಲ್ಲಿ ಎಲೆ ಕೊಳೆತು ನೀರಿನ ದಾರಿ ಮುಚ್ಚಿದರೆ ಮಳೆನೀರು ಕಾರಿನೊಳಗೆ ಇಳಿಯುತ್ತದೆ. ಬಾನೆಟ್ ಎತ್ತಿದಾಗಲೇ ವೈರುಗಳ ಮೇಲೂ ಕಣ್ಣಾಡಿಸುತ್ತೇನೆ, ಇಲಿ ಕಡಿದಿದೆಯೇ ಎಂದು.

ಬ್ಯಾಟರಿಯ ತಲೆಯ ಮೇಲೆ ಕಟ್ಟುವ ಬಿಳಿ ಹಸಿರು ಹಿಟ್ಟನ್ನೂ ನಾನೇ ತೆಗೆಯುತ್ತೇನೆ. ಕೈಗವಸು ಹಾಕಿಕೊಂಡು, ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ನೊರೆಯೆದ್ದು ಹೋಗುತ್ತದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕಾರಿನ ಇಡೀ ಮೈ ಮೈನಸ್ಸಿಗೆ ಸೇರಿರುತ್ತದೆ. ಮೈನಸ್ ಇನ್ನೂ ಹಾಗೇ ಇರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಆ ಮೈಗೆ ಎಲ್ಲಾದರೂ ತಗುಲಿದರೆ ಕಿಡಿ ಹಾರುತ್ತದೆ. ಎಂಜಿನ್ ತಣಿಸುವ ಕೂಲೆಂಟಿನ ಮಟ್ಟವನ್ನು ಡಬ್ಬಿಯ ಗೆರೆ ನೋಡಿ ತಿಳಿಯುತ್ತೇನೆ. ಎಂಜಿನ್ ಬಿಸಿಯಿರುವಾಗ ಮುಚ್ಚಳ ತೆರೆಯುವುದಿಲ್ಲ, ನಲ್ಲಿ ನೀರು ಸುರಿಯುವುದೂ ಇಲ್ಲ.

ಎಂಜಿನ್ ಆಯಿಲ್ ವಿಚಾರದಲ್ಲಿ ಮಾತ್ರ ನನ್ನ ತೀರ್ಮಾನ ಎರಡು ಸಲ ಬದಲಾಗಿದೆ. ವಾರಂಟಿ ಮುಗಿದ ಮೇಲೆ ಆಯಿಲನ್ನು ನಾನೇ ಬದಲಿಸಿದೆ. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ನುಸುಳಬಾರದೆಂದು ಕಬ್ಬಿಣದ ಇಳಿಜಾರು ರ್‍ಯಾಂಪ್‌ಗಳನ್ನು ಕೊಂಡೆ. ಹಳೆಯ ಆಯಿಲ್ ಇಳಿಸಿ, ಹೊಸ ಫಿಲ್ಟರ್ ತಿರುಗಿಸಿ, ಮೂರು ಲೀಟರಿನಷ್ಟು ಹೊಸ ಆಯಿಲ್ ತುಂಬಿ ಎಂಜಿನ್ ಚಾಲೂ ಮಾಡಿದೆ. ಎರಡು ನಿಮಿಷ ಬಿಟ್ಟು ಬಗ್ಗಿ ನೋಡುತ್ತೇನೆ, ಫಿಲ್ಟರಿನ ಸುತ್ತ ಜೇನಿನ ಬಣ್ಣದ ಆಯಿಲ್ ಗೆರೆಗಟ್ಟಿ ಇಳಿಯುತ್ತಿದೆ. ತಕ್ಷಣ ಎಂಜಿನ್ ಆರಿಸಿ ಫಿಲ್ಟರ್ ಬಿಚ್ಚಿದೆ. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ಅದರ ಮೇಲೆ ಹೊಸ ಉಂಗುರ ಕೂತಿತ್ತು. ಉಂಗುರದ ಮೇಲೆ ಉಂಗುರ ಕೂತರೆ ಒತ್ತಡ ಹೆಚ್ಚಾದಾಗ ಜಾರುತ್ತದೆ. ನೋಡದೆ ಹೊರಟಿದ್ದರೆ ಆಗುಂಬೆ ದಾರಿಯ ಮೇಗರವಳ್ಳಿ ದಾಟುವಷ್ಟರಲ್ಲಿ ಆಯಿಲೆಲ್ಲ ರಸ್ತೆಯ ಪಾಲಾಗಿ ಎಂಜಿನ್ ಸುಟ್ಟುಹೋಗಬಹುದಿತ್ತು. ಅಂದಿನಿಂದ ಏನು ಬಿಚ್ಚಿ ಹಾಕಿದರೂ ಮರುನೋಟವಿಲ್ಲದೆ ಬಾನೆಟ್ ಮುಚ್ಚುವುದಿಲ್ಲ.

ಆಮೇಲೂ ಎರಡು ಸಲ ನಾನೇ ಬದಲಿಸಿದೆ, ಸರಿಯಾಗಿಯೇ ಆಯಿತು. ಬಿಟ್ಟದ್ದು ಬೇರೆ ಕಾರಣಕ್ಕೆ. ತೆಗೆದ ಆಯಿಲನ್ನು ಏನು ಮಾಡುವುದು? ನಮ್ಮ ಕಡೆ ಗೆದ್ದಲು ಹತ್ತದಿರಲಿ ಎಂದು ಬೇಲಿಗೂಟಕ್ಕೆ ಬಳಿಯುತ್ತಾರೆ. ಮಳೆಗಾಲದಲ್ಲಿ ಅದು ತೊಳೆದು ತೋಟದ ಕಾಲುವೆಗೆ ಇಳಿಯುತ್ತದೆ, ಕಾಲುವೆಯಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ. ಆ ನೀರು ಕುಡಿಯುವವರು ನಾವೇ. ಹಳೆಯ ಆಯಿಲನ್ನು ಪೀಪಾಯಿಯಲ್ಲಿ ಕೂಡಿಟ್ಟು ಮರುಬಳಕೆಯವರಿಗೆ ಕೊಡುವ ಗ್ಯಾರೇಜು ಸಿಕ್ಕಿದ ಮೇಲೆ ಆ ಕೆಲಸವನ್ನು ಅಲ್ಲಿಗೇ ಬಿಟ್ಟೆ. ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡುವುದು ಈಗಲೂ ನನ್ನ ಕೆಲಸ.

ಬ್ರೇಕಿಗೆ ನಾನು ಕೈ ಹಾಕುವುದಿಲ್ಲ. ಪ್ಯಾಡ್ ಬದಲಿಸುವುದು ಕಷ್ಟದ ಕೆಲಸವೇನಲ್ಲ, ಬೋಲ್ಟ್ ಬಿಚ್ಚುವ ಕೈಗೆ ಅದು ಸಾಧ್ಯ. ಆದರೆ ಅದರ ತಪ್ಪು ಅಂಗಳದಲ್ಲಿ ತಿಳಿಯುವುದಿಲ್ಲ. ಬ್ರೇಕ್ ಆಯಿಲನ್ನೇ ನೋಡಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ತೇವ ಹೆಚ್ಚಿದಂತೆ ಅದು ಕುದಿಯುವ ಉಷ್ಣತೆ ಇಳಿಯುತ್ತದೆ. ಊರೊಳಗೆ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ಘಾಟಿ ಇಳಿಯುತ್ತಾ ಬ್ರೇಕ್ ಒತ್ತಿಯೇ ಇದ್ದರೆ ಬಿಸಿಯೇರಿ ಒಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಗುಳ್ಳೆಯನ್ನು ಅದುಮಬಹುದು. ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಅದಕ್ಕೇ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುತ್ತೇನೆ, ಪಳಗಿದ ಕೈಯಿಂದಲೇ. ಬ್ರೇಕಿಗೆ ಭಾರ ಬೀಳದಿರಲಿ ಎಂದು ಘಾಟಿಯ ಬುಡದ ಸೋಮೇಶ್ವರದವರೆಗೂ ಎರಡನೇ ಗೇರಿನಲ್ಲೇ ಇಳಿಯುತ್ತೇನೆ. ಸ್ಟೀರಿಂಗ್, ಸಸ್ಪೆನ್ಷನ್, ಏರ್‌ಬ್ಯಾಗಿನ ಹಳದಿ ವೈರು, ಏಸಿ ಗ್ಯಾಸ್, ಇವನ್ನೂ ಮುಟ್ಟುವುದಿಲ್ಲ.

ಮುಟ್ಟುವುದಿಲ್ಲವೆಂದರೆ ಕಣ್ಣು ಮುಚ್ಚಿಕೊಂಡು ಒಪ್ಪಿಸಿ ಬರುವುದಿಲ್ಲ. ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಕೇಳಿ ಬರೆದುಕೊಳ್ಳುತ್ತೇನೆ. 3 ಮಿಲಿಮೀಟರಿಗೆ ಬಂದರೆ ಬದಲಿಸುವ ಕಾಲ. ಬದಲಿಸಿದ ಹಳೆಯ ಭಾಗಗಳನ್ನು ಡಿಕ್ಕಿಯಲ್ಲಿಡಲು ಹೇಳುತ್ತೇನೆ. ನೆಲ್ಲಿ ಎಲೆ ಕಲಿಸಿದ ಪಾಠ ಅದು. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರಿಸಿಕೊಳ್ಳುವುದಿಲ್ಲ. ಈಗ ನಾನು ಹೋಗುವ ಗ್ಯಾರೇಜಿನವರು ನಾನು ಕೇಳುವ ಮೊದಲೇ ಚಕ್ರ ಬಿಚ್ಚಿ, ಟಾರ್ಚ್ ಹಿಡಿದು, ಕರೆದು ತೋರಿಸುತ್ತಾರೆ.

ಈ ಮಳೆಗಾಲಕ್ಕೆ ಮುಂಚಿನ ಭಾನುವಾರ ವೈಪರ್ ಬದಲಿಸಿ, ಜಾಲರಿಯ ಎಲೆ ಬಾಚಿ, ಟೈರ್ ನೋಡಿದೆ. ಮುಂದಿನ ಎರಡೂ ಟೈರುಗಳ ಮೇಲ್ಮೈ ಸವೆದು, ತೋಡಿನೊಳಗಿನ ಸೂಚಕದ ಉಬ್ಬಿಗೆ ಹತ್ತಿರ ಬಂದಿತ್ತು. ಉಬ್ಬಿಗೆ ಸಮನಾದರೆ 1.6 ಮಿಲಿಮೀಟರ್, ಅದು ಕಾನೂನಿನ ಕೊನೆಯ ಗೆರೆ. ನೀರು ಹರಿಯುವ ಘಾಟಿಗೆ ಅಷ್ಟು ಸಾಲದು. ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ಎರಡನ್ನೂ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿಕೊಂಡೇ ಮಣಿಪಾಲಕ್ಕೆ ಹೊರಟೆ.