ಕುದ್ರೆಗೆ ಕಂಬ್ಳಿ ತಗೊಳೋ ಮುಂಚೆ ಅದರ ಹೆಗಲು ನೋಡಿ

ಡಿಸೆಂಬರ್ ಬಂತು ಅಂದ್ರೆ ಸಾಕು ನಮ್ಮಕ್ಕನ ಮೊಮ್ಮಗ ಫೋನ್ ಮಾಡ್ತಾನೆ, ಅಜ್ಜೀ ಕುದ್ರೆಗೆ ಬ್ಲಾಂಕೆಟ್ ತಗೋಬೇಕು ಯಾವ್ದು ತಗೊಳ್ಲಿ ಅಂತ. ಇಲವಾಲದಿಂದ ಆಚೆ ತೋಟದಲ್ಲಿ ಎರಡು ಕುದ್ರೆ ಸಾಕ್ಕೊಂಡಿದಾನೆ, ಒಂದು ರೇಸಿಂದ ರಿಟೈರ್ ಆಗಿರೋದು, ಇನ್ನೊಂದು ಗಿಡ್ಡ ನಾಡ ಕುದ್ರೆ. ನನ್ನೇ ಯಾಕೆ ಕೇಳ್ತಾನೆ ಅಂದ್ರೆ ನಮ್ಮನೆಯವ್ರು ಮೂವತ್ತು ವರ್ಷ ಮೈಸೂರಲ್ಲಿ ಟಾಂಗಾ ಓಡಿಸಿದ್ರು, ಓಡಿಸಿದ್ದು ಅವ್ರು, ಆದ್ರೆ ಕುದ್ರೆಗೆ ಹೊದಿಸೋದು ಏನೇನಿತ್ತೋ ಅದನ್ನೆಲ್ಲ ಹೊಲಿದಿದ್ದು ನಾನು. ಸಂತೇಪೇಟೆಯಿಂದ ಗೋಣಿ ತಂದು ಬಿಚ್ಚಿ, ಒಳಗಡೆ ಹಳೇ ಕಂಬ್ಳಿ ಇಟ್ಟು, ದಬ್ಬಳದಲ್ಲಿ ಹೊಲೀತಿದ್ದೆ, ಬೆರಳೆಲ್ಲ ಗಾಯ. ಈಗ ಅಂಗಡೀಲಿ ಬಣ್ಣಬಣ್ಣದ್ದು ಸಿಗುತ್ತೆ, ಮೊಬೈಲಲ್ಲೇ ಆರ್ಡರ್ ಮಾಡ್ತಾರೆ, ಆದ್ರೆ ಕುದ್ರೆ ಮೈ ಏನೂ ಬದಲಾಗಿಲ್ವಲ್ಲ, ಆವಾಗ ಎಲ್ಲಿ ಉಜ್ಜಿ ಗಾಯ ಆಗ್ತಿತ್ತೋ ಈಗ್ಲೂ ಅಲ್ಲೇ ಆಗೋದು.

ನಾನು ಮೊದ್ಲು ಕೇಳೋದೇ ನಿಂಗೆ ಚಳಿ ಆಗ್ತಿದ್ಯೋ ಕುದ್ರೆಗೆ ಆಗ್ತಿದ್ಯೋ ಅಂತ. ನಾವು ಸ್ವೆಟರ್ ಹಾಕ್ಕೊಂಡ್ರೆ ಅದಕ್ಕೂ ಬೇಕು ಅನ್ಕೋತೀವಿ. ಕುದ್ರೆ ಮೈಗೆ ಸುಮಾರು 5 ಡಿಗ್ರಿಯಿಂದ 25 ಡಿಗ್ರಿವರೆಗೂ ಆರಾಮೇ, ನಮ್ಮ ಮೈಸೂರಲ್ಲಿ ಡಿಸೆಂಬರ್ ಜನವರಿ ಬೆಳಗಿನ ಜಾವ 15, 16 ಡಿಗ್ರಿ ಇರುತ್ತೆ, ಕೆಲವು ದಿನ ಇನ್ನೂ ಸ್ವಲ್ಪ ಕಡಿಮೆ, ಅಷ್ಟಕ್ಕೆ ಗಟ್ಟಿಮುಟ್ಟಾದ ಕುದ್ರೆಗೆ ದಪ್ಪ ರಜಾಯಿ ಹೊದಿಸಿದ್ರೆ ಒಳಗೆ ಬೆವೆತು ಆ ಒದ್ದೆಯಿಂದ್ಲೇ ಚಳಿ ಹಿಡಿಯುತ್ತೆ. ರಾತ್ರಿ ಒಂದು ಕಂತೆ ಒಣಹುಲ್ಲು ಜಾಸ್ತಿ ಹಾಕಿ, ಆ ನಾರು ಹೊಟ್ಟೇಲಿ ಅರಗುವಾಗ್ಲೇ ಮೈಗೆ ಶಾಖ ಬರುತ್ತೆ, ಅದೇ ಒಳಗಿನ ಕಂಬ್ಳಿ. ಹಂಗಾದ್ರೆ ಯಾರಿಗೆ ಬೇಕು ಅಂದ್ರೆ ವಯಸ್ಸಾಗಿ ಬೆನ್ನು ಬಿದ್ದಿರೋದಕ್ಕೆ, ಮೈಕೂದಲು ಕತ್ತರಿಸಿರೋದಕ್ಕೆ, ಕಾಯಿಲೆಯಿಂದ ಎದ್ದಿರೋದಕ್ಕೆ, ಮಳೇಲಿ ನೆನೆದು ಗಾಳೀಲಿ ನಿಂತಿರೋದಕ್ಕೆ, ಓಡಿ ಬೆವೆತು ಬಂದಿರೋದಕ್ಕೆ. ನಮ್ಮ ಕಡೆ ಕುದ್ರೆ ಹೊದಿಕೆ ಅಂದ್ರೆ ಚಳಿಗಿಂತ ಜಾಸ್ತಿ ಮಳೆಗೆ, ಬೆವರಿಗೆ, ನೊಣಕ್ಕೆ.

ಪ್ಯಾಕೆಟ್ ಮೇಲೆ 100 ಗ್ರಾಂ, 200 ಗ್ರಾಂ, 300 ಗ್ರಾಂ ಅಂತ ಬರ್ದಿರುತ್ತೆ. ಅದು ಇಡೀ ಬ್ಲಾಂಕೆಟ್ ತೂಕ ಅಲ್ಲ, ಒಂದು ಚದರ ಮೀಟರಿಗೆ ಒಳಗೆ ತುಂಬಿರೋ ಪಾಲಿಯೆಸ್ಟರ್ ಹತ್ತಿ ಲೆಕ್ಕ. 300, 400ರದ್ದು ಮಂಜು ಬೀಳೋ ಊರಿಗೆ. ನಮ್ಮಲ್ಲಿ ಏನೂ ತುಂಬದೇ ಇರೋ ಮಳೆ ಶೀಟು ಒಂದು, ತೀರಾ ಬೇಕಂದ್ರೆ 100 ಗ್ರಾಮಿಂದು ಒಂದು, ಸಾಕು. ನಮ್ಮ ಹುಡುಗ ಮೊದಲ್ನೇ ವರ್ಷ ಆಫರ್ ಅಂತ ದಪ್ಪದ್ದು ತರಿಸ್ಬಿಟ್ಟಿದ್ದ, ಅದು ಈಗ ಅವನ ನಾಯಿಗೆ ಹಾಸಿಗೆ ಆಗಿದೆ, ನಾಯಿ ಬಲು ಖುಷಿಯಾಗಿದೆ.

ಈಗ ಅಳತೆ. ಇಲ್ಲಿ ಮಾತ್ರ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ದುಡ್ಡು ಹಾಳಾಗೋದು ಇಲ್ಲೇ. ಕುದ್ರೆನ ಸಮ ನೆಲದ ಮೇಲೆ ನಾಲ್ಕೂ ಕಾಲು ನೇರ ಇಟ್ಟು ನಿಲ್ಸಿ, ಟೈಲರ್ ಟೇಪು ಇಲ್ದಿದ್ರೆ ಒಂದು ಹಗ್ಗ ತಗೊಳಿ, ಎದೆ ನಟ್ಟನಡುವಿಂದ ಶುರು ಮಾಡಿ ಭುಜ ಎಲ್ಲಿ ತುಂಬಾ ಉಬ್ಬಿದೆಯೋ ಅದರ ಮೇಲೇ ಹಾಯ್ಸಿ ಪಕ್ಕೆ ಉದ್ದಕ್ಕೂ ಸೀದಾ ಹಿಂದಕ್ಕೆ ತಂದು ತೊಡೆ ಮುಗಿಯೋ ತುದಿವರೆಗೂ ಅಳೀರಿ. ಎಷ್ಟು ಇಂಚು ಬಂತೋ ಅದೇ ಸೈಜು. ರೇಸ್ ಕುದ್ರೆ ಜಾತಿಗೆ 75, 78 ಬರುತ್ತೆ, ಟಾಂಗಾಗೆ ಕಟ್ಟೋ ಗಿಡ್ಡ ಕುದ್ರೆಗೆ ಅರವತ್ತರ ಆಸುಪಾಸು. ಸೈಜುಗಳು ಮೂರು ಮೂರು ಇಂಚಿಗೆ ಒಂದೊಂದು ಇರೋದ್ರಿಂದ ನಡುವೆ ಬಂದ್ರೆ ದೊಡ್ಡದಕ್ಕೇ ಹೋಗಿ. ಇನ್ನೊಂದು ವಿಷ್ಯ, ಕೆಲವು ಕಂಪ್ನಿಯವ್ರು ಸೆಂಟಿಮೀಟರಲ್ಲಿ 125, 135, 145 ಅಂತ ಹಾಕಿರ್ತಾರೆ, ಅದು ಸಾಮಾನ್ಯವಾಗಿ ಬೆನ್ನಿನ ಮೇಲಿನ ಉದ್ದ, ಕತ್ತಿನ ಬುಡದಿಂದ ಬಾಲದ ಬುಡದವರೆಗೆ, ಎದೆಯಿಂದ ಅಲ್ಲ. ಎರಡನ್ನೂ ಕಲಸಿಕೊಂಡು ಆರ್ಡರ್ ಮಾಡಿದ್ರೆ ಕುದ್ರೆಗೆ ಸಾಮಿಯಾನ ಹಾಕ್ದಂಗೆ ಆಗುತ್ತೆ.

ಉದ್ದ ಸರಿ ಇದ್ರೂ ಹೆಗಲಲ್ಲಿ ತಪ್ಪೋದು ಉಂಟು. ಕತ್ತು ಮುಗಿದು ಬೆನ್ನು ಶುರು ಆಗೋ ಕಡೆ ಒಂದು ಎತ್ತರದ ಮೂಳೆ ಇದ್ಯಲ್ಲ, ರೈಡಿಂಗ್ ಹುಡುಗ್ರು ವಿದರ್ಸ್ ಅಂತಾರೆ, ಅಲ್ಲಿ ಮಾಂಸ ಕಡಿಮೆ, ಚರ್ಮ ನೇರ ಮೂಳೆ ಮೇಲೇ. ಹೊದಿಕೆ ಅಲ್ಲಿ ಕೂತ್ಕೊಂಡು ಕುದ್ರೆ ಕತ್ತು ಬಗ್ಗಿಸಿದಾಗೆಲ್ಲ ಎಳೆದು ಉಜ್ಜುತ್ತೆ. ನಾನು ಹೊಸದ್ರಲ್ಲಿ ಕತ್ತು ಅಗಲ ಬಿಟ್ರೆ ಗಾಳಿ ಹೋಗುತ್ತೆ ಅಂತ ಬಿಗಿಯಾಗಿ ಹೊಲ್ದಿದ್ದೆ, ನಮ್ಮ ಟಾಂಗಾ ಕುದ್ರೆ ರಾಜನಿಗೆ ಒಂದು ವಾರದಲ್ಲಿ ಕೂದಲು ಉದುರ್ತು, ಎರಡನೇ ವಾರ ಚರ್ಮ ಸುಲೀತು, ಡಾಕ್ಟ್ರು ಗಾಯ ವಾಸಿ ಆಗೋವರೆಗೂ ಗಾಡಿ ಕಟ್ಬೇಡಿ ಅಂದ್ರು. ಅದೂ ದಸರಾ ಸಮಯ, ಟಾಂಗಾದವ್ರಿಗೆ ವರ್ಷದ ಸಂಪಾದನೆ ಬರೋದೇ ಆ ಹತ್ತು ದಿನ. ನಮ್ಮನೆಯವ್ರು ನಂಗೆ ಒಂದು ಮಾತೂ ಅನ್ಲಿಲ್ಲ, ಅಂದಿದ್ರೇ ಚೆನ್ನಾಗಿರ್ತಿತ್ತು. ಗಾಯ ಮಾಯ್ದ ಮೇಲೆ ಆ ಜಾಗದಲ್ಲಿ ಬೆಳ್ಳಗೆ ಕೂದಲು ಬಂತು, ಅವನು ಸಾಯೋವರೆಗೂ ಹಂಗೇ ಇತ್ತು, ಕಂದು ಕುದ್ರೆ ಮೇಲೆ ಸುಣ್ಣ ಮೆತ್ತಿದಂಗೆ. ಯಾವ್ದಾದ್ರೂ ಕುದ್ರೆ ಹೆಗಲಲ್ಲಿ ಅಂಥ ಬಿಳಿ ಮಚ್ಚೆ ಕಂಡ್ರೆ ಈಗ್ಲೂ ನಾನು ಅದರ ಜೀನೋ ಹೊದಿಕೆಯೋ ಎಲ್ಲೋ ಒತ್ತಿದೆ ಅಂತ್ಲೇ ಅನ್ಕೊಳೋದು.

ಆದ್ರಿಂದ ಹೊದಿಸಿದ ಮೇಲೆ ಹೆಗಲ ಮೂಳೆ ಹತ್ರ ಅಂಗೈ ಚಪ್ಪಟೆಯಾಗಿ ಒಳಗೆ ತೂರ್ಸಿ, ಸಲೀಸಾಗಿ ಹೋಗ್ಬೇಕು. ಭುಜದ ಹತ್ರನೂ ಹಂಗೇ. ಎದೆ ಬಕಲ್ ಹಾಕಿದ್ಮೇಲೆ ಮುಂದೆ ಕೈ ತೂರ್ಬೇಕು ಆದ್ರೆ ಜೋಲಾಡೋ ಅಷ್ಟು ಸಡಿಲ ಬೇಡ, ಸಡಿಲ ಇದ್ರೆ ಇಡೀ ಶೀಟು ಹಿಂದಕ್ಕೆ ಜಾರಿ ಆಮೇಲೆ ಹೆಗಲನ್ನೇ ಕಚ್ಚುತ್ತೆ. ಹಿಂದೆ ಬಾಲದ ಬುಡಕ್ಕೆ ಮುಗೀಬೇಕು. ಪಕ್ಕದಲ್ಲಿ ಹೊಟ್ಟೆ ಮುಚ್ಚೋ ಅಷ್ಟು ಇರ್ಲಿ, ಮಂಡಿ ಕೆಳಗೆ ಇಳಿದ್ರೆ ಮಲಗಿ ಏಳುವಾಗ ತನ್ನದೇ ಶೀಟು ತುಳ್ಕೊಳುತ್ತೆ. ಆಮೇಲೆ ನಿಂತಾಗ ನೋಡಿ ಸಾಕು ಅಂತ ಬಿಡ್ಬೇಡಿ, ನೆಲದ ಮೇಲೆ ಒಂದು ಹಿಡಿ ಹುಲ್ಲು ಹಾಕಿ ತಿನ್ನೋಕೆ ಬಿಡಿ, ಹತ್ತು ಹೆಜ್ಜೆ ನಡೆಸಿ, ತಿರುಗಿಸಿ, ಆವಾಗ ಎಲ್ಲಿ ಎಳೆಯುತ್ತೆ ಅಂತ ಗೊತ್ತಾಗೋದು. ಒಳ್ಳೇದ್ರಲ್ಲಿ ಭುಜದ ಹತ್ರ ಒಂದು ತ್ರಿಕೋನ ಬಟ್ಟೆ ಸೇರಿಸಿರ್ತಾರೆ, ಬ್ಲೌಸಿಗೆ ಕಂಕುಳಲ್ಲಿ ಪಟ್ಟಿ ಕೊಡ್ತೀವಲ್ಲ ಹಂಗೆ, ಕಾಲು ಮುಂದೆ ಹಾಕೋಕೆ ಅದು ಬಲು ಅನುಕೂಲ.

ಭುಜದಲ್ಲಿ ಕೂದಲು ಸವೀತಿದ್ರೆ ಶೀಟು ಎಸೀಬೇಡಿ, ಒಳಗಡೆ ಭುಜ ಹೆಗಲು ತಾಗೋ ಜಾಗಕ್ಕೆ ನುಣ್ಣನೆ ಬಟ್ಟೆ ಲೈನಿಂಗ್ ಕೊಡಿ. ಹಳೇ ಸ್ಯಾಟಿನ್ ಲಂಗ ಆಗುತ್ತೆ, ಆರ್ಟ್ ಸಿಲ್ಕ್ ಸೀರೆ ಆಗುತ್ತೆ. ಮೈಸೂರು ಸಿಲ್ಕ್ ಆದ್ರೆ ಇನ್ನೂ ಚೆನ್ನ, ಆದ್ರೆ ಅದು ಎಷ್ಟೇ ಹಳೇದಾದ್ರೂ ಕುದ್ರೆಗೆ ಕೊಡೋ ಅಷ್ಟು ದೊಡ್ಡ ಮನಸ್ಸು ನಂದಲ್ಲ.

ಬಾಳಿಕೆ ವಿಷ್ಯಕ್ಕೆ ಬಂದ್ರೆ ಅಂಗಡಿಯವ್ರು ಡೆನಿಯರ್ ಡೆನಿಯರ್ ಅಂತಾರೆ, 600, 1200, 1680. ಏನಿಲ್ಲ, ಆ ನೂಲನ್ನ 9000 ಮೀಟರ್ ಉದ್ದ ಎಳೆದು ತೂಗಿದ್ರೆ ಅಷ್ಟು ಗ್ರಾಂ ಬರುತ್ತೆ ಅಂತ ಅರ್ಥ, ನಂಬರ್ ಜಾಸ್ತಿ ಆದಷ್ಟೂ ನೂಲು ದಪ್ಪ. ಲಾಯದೊಳಗೆ ಸುಮ್ನೆ ನಿಲ್ಲೋ ಕುದ್ರೆಗೆ 600 ಧಾರಾಳ, ಬೇಲಿಗೆ ಮೈ ಉಜ್ಜೋ, ಇನ್ನೊಂದು ಕುದ್ರೆ ಜೊತೆ ಕಚ್ಚಾಡೋ ಜಾತಿಗೆ 1200 ತಗೊಳಿ. ಆದ್ರೆ ಬಟ್ಟೆ ಎಷ್ಟೇ ಗಟ್ಟಿ ಇದ್ರೂ ಮೊದ್ಲು ಹೋಗೋದು ಪಟ್ಟಿ ಹೊಲಿಗೆ. ಕೊಳ್ಳೋವಾಗ ಪ್ರತಿ ಪಟ್ಟಿನೂ ಹಿಡ್ದು ಜಗ್ಗಿ ನೋಡಿ, ಅಂಗಡಿಯವ್ನು ಮುಖ ಸಿಂಡರಿಸಿದ್ರೆ ಸಿಂಡರಿಸ್ಲಿ. ಪಟ್ಟಿ ಕೂಡೋ ಜಾಗದಲ್ಲಿ ಚೌಕ ಹೊಲಿದು ಅದರೊಳಗೆ ಅಡ್ಡಡ್ಡ ಗುಣಿಸು ಗುರುತಿನಂಗೆ ಹೊಲಿದಿರ್ಬೇಕು, ಬರೀ ಒಂದು ಗೆರೆ ಹೊಲಿಗೆ ಇದ್ರೆ ಎರಡು ತಿಂಗಳು ಅಷ್ಟೇ. ಬಕಲ್ ಕಬ್ಬಿಣದ್ದು ಬೇಡ, ಮಳೆಗೆ ತುಕ್ಕು ಹಿಡಿದು ಕಚ್ಕೊಳುತ್ತೆ, ಸ್ಟೀಲೋ ಹಿತ್ತಾಳೆಯೋ ಇರ್ಲಿ. ನಮ್ಮ ದೇಶದಲ್ಲಿ ಜೀನು ಲಗಾಮು ಇಂಥ ಸಾಮಾನಿಗೆಲ್ಲ ಕಾನ್ಪುರವೇ ಹೆಸರುವಾಸಿ, ಹೊರದೇಶಕ್ಕೂ ಅಲ್ಲಿಂದ ಹೋಗುತ್ತೆ, ಆದ್ರಿಂದ ಫಾರಿನ್ ಮಾಲು ಅಂತ ಎರಡರಷ್ಟು ಕೇಳಿದ್ರೆ ಒಳಗಿನ ಲೇಬಲ್ ಒಂದ್ಸಲ ತಿರುವಿ ನೋಡಿ.

ನಮ್ಮ ಕರಿ ಕಂಬ್ಳಿ ಬಗ್ಗೆ ಹೇಳದೇ ಇದ್ರೆ ಮನಸ್ಸು ಒಪ್ಪಲ್ಲ. ಚಳ್ಳಕೆರೆ ಕಡೆ ಕೈಮಗ್ಗದಲ್ಲಿ ನೇಯ್ದು ಹುಣಸೆಬೀಜದ ಗಂಜಿ ಕೊಟ್ಟಿರ್ತಾರಲ್ಲ ಅದು. ಉಣ್ಣೆ ತನ್ನ ತೂಕದಲ್ಲಿ ಮೂರನೇ ಒಂದು ಭಾಗದ ಹತ್ರಹತ್ರ ತೇವ ಹೀರ್ಕೊಂಡ್ರೂ ಮುಟ್ಟಿದ್ರೆ ಒದ್ದೆ ಅನ್ಸಲ್ಲ, ಬೆವೆತು ಬಂದ ಕುದ್ರೆಗೆ ಅದನ್ನ ಅರ್ಧ ಗಂಟೆ ಹೊದಿಸಿ ನಿಧಾನಕ್ಕೆ ನಡೆಸಿದ್ರೆ ಬೆವರೆಲ್ಲ ಮೇಲಕ್ಕೆ ಬಂದು ಕಂಬ್ಳಿ ಮೇಲೆ ಇಬ್ಬನಿ ಥರ ನಿಲ್ಲುತ್ತೆ. ಹತ್ತಿ ಬಟ್ಟೆ ಹಂಗಲ್ಲ, ನೆನೆದು ಮೈಗೇ ಅಂಟ್ಕೊಳುತ್ತೆ. ಹೊಸ ಕಂಬ್ಳಿ ಚುಚ್ಚುತ್ತೆ, ಒರಟು, ಅದಕ್ಕೆ ಒಂದೆರಡು ಸಲ ತಣ್ಣೀರಲ್ಲಿ ನೆನೆಸಿ ಗಂಜಿ ಬಿಡಿಸಿಯೇ ಬಳಸಿ, ಬಿಸಿನೀರು ಹಾಕ್ಬಿಟ್ರೆ ಮಾತ್ರ ಅದು ಕರುವಿಗೆ ಹೊದಿಸೋ ಅಷ್ಟಾಗುತ್ತೆ.

ಒಂದು ಮಾತ್ರ ಯಾವ ಕಾರಣಕ್ಕೂ ಮಾಡ್ಬೇಡಿ, ಯಾರ್ದೋ ಬರ್ತ್‌ಡೇ ಫ್ಲೆಕ್ಸು ಇಳಿಸಿ ಕುದ್ರೆ ಮೇಲೆ ಕಟ್ಟೋದು. ಮಂಡ್ಯ ಕಡೆ ರಸ್ತೇಲಿ ನೋಡಿದೀನಿ, ಶಾಸಕರ ಮುಖ ಕುದ್ರೆ ಹೊಟ್ಟೆ ಮೇಲೆ. ನಗು ಬರುತ್ತೆ ನಿಜ, ಆದ್ರೆ ಅದಕ್ಕೆ ಗಾಳಿ ಆಡಲ್ಲ, ಒಳಗೆ ಬೆವೆತು ಚರ್ಮ ಪೊರೆ ಪೊರೆ ಏಳುತ್ತೆ, ಗಾಳಿಗೆ ಪಟಪಟ ಅಂದ್ರೆ ಕುದ್ರೆ ಬೆದರಿ ಓಡುತ್ತೆ. ಮಳೆ ಶೀಟು ನೀರು ತಡೀಬೇಕು, ಆದ್ರೆ ಒಳಗಿನ ಆವಿ ಹೊರಗೆ ಬಿಡ್ಬೇಕು, ಅದನ್ನ ಬ್ರೀದಬಲ್ ಅಂತ ಬರ್ದಿರ್ತಾರೆ. ಒದ್ದೆ ಆಗಿರೋದನ್ನ ಹೊದಿಸೋದಕ್ಕಿಂತ ಏನೂ ಹೊದಿಸದೇ ಇರೋದೇ ಮೇಲು, ಮಳೆಗಾಲಕ್ಕೆ ಎರಡು ಶೀಟು ಇಟ್ಕೊಳಿ, ಒಂದು ಒಣಗೋವಾಗ ಇನ್ನೊಂದು.

ಹಾಕೋ ಕ್ರಮ ಹೇಳ್ತೀನಿ. ಅರ್ಧಕ್ಕೆ ಮಡಚಿ ಹೆಗಲಿಗಿಂತ ಸ್ವಲ್ಪ ಮುಂದೆ ಇಟ್ಟು, ಬಿಡಿಸಿ, ಹಿಂದಕ್ಕೆ ಎಳ್ಕೊಳಿ. ಹಿಂದಿನಿಂದ ಮುಂದಕ್ಕೆ ಎಳೆದ್ರೆ ಕೂದಲು ಉಲ್ಟಾ ಆಗಿ ಇಡೀ ರಾತ್ರಿ ಕಿರಿಕಿರಿ. ನಾನು ಮೊದ್ಲು ಎದೆ ಬಕಲ್, ಆಮೇಲೆ ಹೊಟ್ಟೆ ಪಟ್ಟಿ, ಕೊನೇಗೆ ಹಿಂಗಾಲಿಂದು, ತೆಗೆಯೋವಾಗ ಹಿಂಗಾಲಿಂದ ಶುರು ಮಾಡಿ ಎದೆದು ಕೊನೇಗೆ. ಎದೆ ಬಿಚ್ಚಿ ಹಿಂದಿಂದು ಬಿಚ್ಚೋದ್ರೊಳಗೆ ಕುದ್ರೆ ಬೆದರಿದ್ರೆ ಶೀಟು ಹಿಂದಕ್ಕೆ ಜಾರಿ ಕಾಲಿಗೆ ಸುತ್ಕೊಳುತ್ತೆ, ಆಮೇಲೆ ಹತ್ರ ಹೋದವ್ರಿಗೆ ಒದೆ ಗ್ಯಾರಂಟಿ. ಹೊಟ್ಟೆ ಕೆಳಗೆ ಎರಡು ಪಟ್ಟಿ ಒಂದರ ಮೇಲೊಂದು ಕತ್ತರಿ ಹಾಕಿ ಹೋಗ್ಬೇಕು, ಹೊಟ್ಟೆಗೂ ಪಟ್ಟಿಗೂ ನಡುವೆ ಒಂದು ಅಂಗೈ ಅಗಲ ಜಾಗ. ಹಿಂಗಾಲಿನ ಪಟ್ಟಿ ಒಂದನ್ನ ಇನ್ನೊಂದರೊಳಗೆ ತೂರ್ಸಿ ಹಾಕಿ, ಆವಾಗ ಒಳತೊಡೆಗೆ ತಾಗಲ್ಲ. ಕೊಕ್ಕೆಗಳ ಬಾಯಿ ಕುದ್ರೆ ಮೈ ಕಡೆಗೇ ತಿರುಗಿರ್ಲಿ, ಹೊರಗೆ ಇದ್ರೆ ತಂತಿ ಬೇಲಿಗೆ ಸಿಕ್ಕಾಕ್ಕೊಳುತ್ತೆ.

ದಿನಕ್ಕೆ ಒಂದ್ಸಲನಾದ್ರೂ ಪೂರ್ತಿ ತೆಗ್ದು ಮೈ ಸವರಿ ನೋಡಿ. ಬಿಸಿ ಆಗ್ತಿದ್ಯಾ ಅಂತ ತಿಳ್ಕೊಳೋಕೆ ಮುಂಗಾಲಿನ ಹಿಂದೆ, ಭುಜದ ಕೆಳಗೆ ಕೈ ಹಾಕಿ, ಅಲ್ಲಿ ತೇವ ಇದ್ರೆ ಹೊದಿಕೆ ಜಾಸ್ತಿ ಆಯ್ತು. ಒಂದು ಕುದ್ರೆದು ಇನ್ನೊಂದಕ್ಕೆ ಹಾಕ್ಬೇಡಿ, ಹುಳುಕಡ್ಡಿ ಒಂದಕ್ಕೆ ಬಂದ್ರೆ ಲಾಯಕ್ಕೆಲ್ಲ ಬರುತ್ತೆ.

ಬೇಸಿಗೆಗೆ, ಅದರಲ್ಲೂ ಗದ್ದೆ ನಾಲೆ ಹತ್ರ ಇರೋವ್ರು, ಬಲೆ ಥರದ ನೊಣದ ಶೀಟು ತಗೊಳಿ. ದೊಡ್ಡ ಕುದ್ರೆ ನೊಣ ಕಚ್ಚೋದು ಬರೀ ಉರಿ ಅಲ್ಲ, ಅದು ಸರ್ರಾ ಅನ್ನೋ ರಕ್ತದ ಕಾಯಿಲೆನೂ ಹರಡುತ್ತೆ. ಕಣ್ಣು ಸಣ್ಣ ಇರೋ ಬಲೆ, ತಿಳಿ ಬಣ್ಣದ್ದು, ಹೊಟ್ಟೆ ಕೆಳಗೂ ಪಟ್ಟೆ ಇರೋದು ನೋಡಿ.

ತೊಳೆಯೋದಕ್ಕೆ ಮುಂಚೆ ಒಣ ಬ್ರಷಲ್ಲಿ ಕೂದಲೆಲ್ಲ ತೆಗೀರಿ, ಮನೆ ವಾಷಿಂಗ್ ಮೆಷಿನ್ನಿಗೆ ಹಾಕಿ ಸೊಸೆ ಹತ್ರ ಬೈಸ್ಕೋಬೇಡಿ. ತಣ್ಣೀರು, ಸೌಮ್ಯ ಸೋಪು, ಅಷ್ಟೇ. ಘಮಘಮ ಅನ್ನೋ ಕಂಡೀಷನರ್ ಹಾಕಿದ್ರೆ ನೀರು ತಡೆಯೋ ಲೇಪ ಹಾಳಾಗುತ್ತೆ. ಹರಿದಿರೋದನ್ನ ಬ್ಯಾಗ್ ರಿಪೇರಿಯವ್ರ ಹತ್ರ ನೈಲಾನ್ ದಾರದಲ್ಲಿ ಹೊಲಿಸಿ. ಪೂರ್ತಿ ಒಣಗಿದ್ಮೇಲೆ ಬೇವಿನಸೊಪ್ಪು ಹಾಕಿ ಟ್ರಂಕಲ್ಲಿಟ್ಟು ಮುಚ್ಚಳ ಹಾಕಿ, ಇಲಿಗೆ ಹುರಳಿ ವಾಸನೆ ಹತ್ತಿರೋ ಬಟ್ಟೆ ಅಂದ್ರೆ ಹಬ್ಬ. ರಾಜಂದು ಕೊನೇ ಗೋಣಿ ಹೊದಿಕೆ ಒಂದು ನಮ್ಮನೆ ಅಟ್ಟದಲ್ಲೇ ಇತ್ತು, ಮಾದರಿಗೆ ಇರ್ಲಿ ತೋರ್ಸೋಣ ಅಂತ ಮೊನ್ನೆ ಹುಡುಗನ್ನ ಮೇಲೆ ಹತ್ತಿಸಿದ್ರೆ ಅದರೊಳಗೆ ಬೆಕ್ಕು ನಾಲ್ಕು ಮರಿ ಹಾಕ್ಕೊಂಡು ಮಲಗಿದೆ, ಇನ್ನೊಂದು ತಿಂಗಳು ಅದನ್ನ ಅಲ್ಲಾಡಿಸೋ ಹಂಗಿಲ್ಲ.