ಹಳೇ ಕಾಮಿಕ್ಸ್: ಸಹಿ ಹಾಕಿಸೋದಾ, ಗ್ರೇಡ್ ಮಾಡಿಸೋದಾ, ಸುಮ್ನೆ ಇಟ್ಕೊಳ್ಳೋದಾ?

ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಕಟ್ಟು ಇಂದ್ರಜಾಲ ಕಾಮಿಕ್ಸ್, ಅದೇ ಫ್ಯಾಂಟಮ್, ಮಾಂಡ್ರೇಕ್ ಕಥೆಗಳು ಬರುತ್ತಿದ್ದವು, ಸಿಕ್ಕಿತು ಅಂದುಕೊಳ್ಳಿ. ಮೊದಲು ಏನು ಮಾಡ್ತೀರಿ? ನಾನಾದರೆ ಅಲ್ಲೇ ಏಣಿ ಮೇಲೆ ಕೂತು ಓದುತ್ತೇನೆ. ನಮ್ಮ ಮನೆಯಲ್ಲಿ ಹಾಗೆ ಸಿಕ್ಕಾಗ ನನ್ನ ಅಕ್ಕನ ಮಗ ಮೊಬೈಲ್ ತೆಗೆದು ಬೆಲೆ ನೋಡಿದ. ಅಲ್ಲಿ ಅವನಿಗೆ ಕಂಡದ್ದು ಸ್ಪೈಡರ್‌ಮ್ಯಾನ್ ಮೊದಲ ಸಲ ಬಂದ 1962ರ ಸಂಚಿಕೆ. ಮುಖಬೆಲೆ 12 ಸೆಂಟ್, 2021ರ ಹರಾಜಿನಲ್ಲಿ ಅದರ ಒಂದು ಪ್ರತಿ 36 ಲಕ್ಷ ಡಾಲರಿಗೆ ಹೋಯಿತು. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ, ಮೇಲೆ 9.6 ಅಂತ ಅಂಕ. ಅಷ್ಟೇ ಸಾಕಾಯಿತು. "ಮಾಮಾ, ನಮ್ಮವನ್ನೂ ಗ್ರೇಡಿಂಗಿಗೆ ಕಳಸೋಣು, ಯಾರದಾರೆ ಸಹೀನೂ ಮಾಡಸೋಣು" ಅಂತ ಗಂಟುಬಿದ್ದ. ಅವನಿಗೆ ಹುಬ್ಬಳ್ಳಿಯಿಂದ ಧಾರವಾಡದವರೆಗೆ ಬಸ್ಸಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ, ಸ್ವಲ್ಪ ಜಾಸ್ತಿ ಸಮಾಧಾನದಿಂದ.

ಗ್ರೇಡಿಂಗ್ ಅಂದರೆ ಇಷ್ಟೇ. ಅಮೆರಿಕದ ಫ್ಲಾರಿಡಾದಲ್ಲಿ ಸಿಜಿಸಿ ಅಂತ ಒಂದು ಕಂಪನಿ ಇದೆ, 2000ನೇ ಇಸವಿಯಿಂದ ಈ ಕೆಲಸ ಮಾಡುತ್ತಿದೆ. ಬೇರೆ ಕಂಪನಿಗಳೂ ಇವೆ, ಆದರೆ ಜಾಸ್ತಿ ಜನ ಕೇಳುವುದು ಇದನ್ನೇ. ಪುಸ್ತಕ ಅವರಿಗೆ ಕಳಿಸಬೇಕು. ಅವರು ಹಾಳೆ ಎಣಿಸುತ್ತಾರೆ, ಬೆನ್ನು, ಮೂಲೆ, ಪಿನ್ನು ಎಲ್ಲ ನೋಡುತ್ತಾರೆ, ಎಲ್ಲಾದರೂ ರಿಪೇರಿ ಆಗಿದೆಯಾ ಅಂತ ಹುಡುಕುತ್ತಾರೆ. ಆಮೇಲೆ 0.5ರಿಂದ 10ರವರೆಗೆ ಒಂದು ಅಂಕ ಕೊಟ್ಟು, ಪೆಟ್ಟಿಗೆಯಲ್ಲಿ ಸೀಲ್ ಮಾಡಿ ವಾಪಸ್ ಕಳಿಸುತ್ತಾರೆ. ಈ ಪೆಟ್ಟಿಗೆಗೆ ಸ್ಲ್ಯಾಬ್ ಅಂತ ಹೆಸರು. ಸ್ಲ್ಯಾಬ್ ಒಡೆದರೆ ಅಂಕವೂ ಹೋಯಿತು. ಅಂದರೆ ಮುಖಪುಟ, ಹಿಂಪುಟ ಬಿಟ್ಟು ಒಳಗಿನ ಒಂದು ಹಾಳೆಯನ್ನೂ ಇನ್ನು ನೀವು ತಿರುವುವ ಹಾಗಿಲ್ಲ. ಇದನ್ನು ಮನೆಯಲ್ಲಿ ವಿವರಿಸಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಓದಾಕ ಬರದಂಗ ಮಾಡಾಕ ನಾವ ರೊಕ್ಕಾ ಕೊಡಬೇಕೇನೋ?"

ಹೌದು, ಕೊಡಬೇಕು. ಯಾಕೆ ಅಂತ ಅರ್ಥವಾದರೆ ಅರ್ಧ ತೀರ್ಮಾನ ಆದ ಹಾಗೆ. ಹುಬ್ಬಳ್ಳಿಯ ರದ್ದಿ ಅಂಗಡಿಯಲ್ಲಿ ಪುಸ್ತಕ ಕೊಳ್ಳುವಾಗ ನಾವು ಕೈಯಲ್ಲಿ ಹಿಡಿದು ತಿರುವುತ್ತೇವೆ, ನಡುವಿನ ಹಾಳೆ ಇದೆಯಾ ನೋಡುತ್ತೇವೆ, ಮೂಸಿ ಕೂಡ ನೋಡುತ್ತೇವೆ, ಆಮೇಲೆ ಚೌಕಾಸಿಗೆ ಇಳಿಯುತ್ತೇವೆ. ಟೆಕ್ಸಾಸಿನಲ್ಲಿ ಕೂತವನಿಗೆ ಇದು ಸಾಧ್ಯವಿಲ್ಲ. ಅವನ ಪರವಾಗಿ ಮೂರನೆಯವರೊಬ್ಬರು ತಿರುವಿ ನೋಡಿ ಬರೆದುಕೊಟ್ಟ ಚೀಟಿಯೇ ಗ್ರೇಡು. ನಿಮ್ಮ ಗಿರಾಕಿ ಪುಸ್ತಕ ಮುಟ್ಟಲಾಗದಷ್ಟು ದೂರದಲ್ಲಿದ್ದರೆ, ನಿಮ್ಮ ಮಾತನ್ನು ನಂಬದಷ್ಟು ಅಪರಿಚಿತನಾಗಿದ್ದರೆ ಚೀಟಿ ಬೇಕು. ಕನ್ನಡ ಇಂದ್ರಜಾಲವನ್ನು ಹುಡುಕಿಕೊಂಡು ಬರುವವರು ಯಾರು? ಚಿಕ್ಕಂದಿನಲ್ಲಿ ಅದನ್ನು ಓದಿದವರು. ಅವರು ಗದಗಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ, ವಿಡಿಯೊ ಕಾಲ್ ಮಾಡಿ ಹಾಳೆ ಹಾಳೆ ತೋರಿಸಿದರೆ ಸಾಕು. ಅವರಿಗೆ ಓದಲೂ ಬೇಕು. ಸ್ಲ್ಯಾಬ್ ಮಾಡಿಸಿದರೆ ಅಂಥ ಗಿರಾಕಿ ಹತ್ತಿರ ಬರುವ ಬದಲು ದೂರವೇ ಆಗಬಹುದು.

ಸರಿ, ಗಿರಾಕಿ ದೂರದಲ್ಲೇ ಇದ್ದಾನೆ ಅಂತ ಇಟ್ಟುಕೊಳ್ಳೋಣ. ಈಗ ಪುಸ್ತಕ ನೋಡಿ. ಹಗಲು ಬೆಳಕಿನಲ್ಲಿ, ಕೈ ತೊಳೆದು ಒರೆಸಿಕೊಂಡು, ಚಹಾ ದೂರ ಇಟ್ಟು. ಬೆನ್ನಿನ ಮೇಲೆ ಸಣ್ಣ ಸಣ್ಣ ಬಿಳಿ ಗೆರೆ ಇದೆಯಾ? ಪಿನ್ನಿಗೆ ತುಕ್ಕು ಹಿಡಿದು ಕಾಗದಕ್ಕೆ ಇಳಿದಿದೆಯಾ? ಧಾರವಾಡದ ಜಿಟಿಜಿಟಿ ಮಳೆಗೆ ಇದು ಆಗದೇ ಇದ್ದರೆ ಆಶ್ಚರ್ಯ. ಹಾಳೆ ಕಂದಾಗಿ ಮೂಲೆ ಪುಡಿಯಾಗುತ್ತಿದೆಯಾ? ಪದಬಂಧ ತುಂಬಿದ್ದಾರಾ, ಕೂಪನ್ ಕತ್ತರಿಸಿದ್ದಾರಾ, ಮುಖಪುಟದ ಮೇಲೆ ಪೆನ್ನಿನಲ್ಲಿ ಹೆಸರು, ತರಗತಿ, ರೋಲ್ ನಂಬರ್ ಬರೆದಿದ್ದಾರಾ? ನಮ್ಮ ಮನೆಯ ಪುಸ್ತಕಗಳಲ್ಲಿ ಇದೆಲ್ಲ ಇದೆ, ಮೀಸೆ ಬರೆದದ್ದೂ ಇದೆ. ಕೂಪನ್ನಿನ ಜೊತೆ ಕಥೆಯ ತುಂಡೂ ಹೋಗಿದ್ದರೆ ಅಂಥ ಪ್ರತಿಯನ್ನು ಗ್ರೇಡಿಂಗಿಗೆ ಕಳಿಸುವ ಯೋಚನೆಯನ್ನೇ ಬಿಡಿ.

ಅಂಕಗಳ ಹೆಸರಿನಲ್ಲೂ ಒಂದು ತಮಾಷೆ ಇದೆ. ಶಾಲೆಯಲ್ಲಿ ನೋಟ್‌ಬುಕ್ ಮೇಲೆ 'ಗುಡ್' ಅಂತ ಬಿದ್ದರೆ ಮನೆತನಕ ಓಡಿ ಬಂದು ತೋರಿಸುತ್ತಿದ್ದೆವು. ಕಾಮಿಕ್ಸ್ ಗ್ರೇಡಿಂಗ್‌ನಲ್ಲಿ 'ಗುಡ್' ಅಂದರೆ ಹತ್ತಕ್ಕೆ ಎರಡು. 'ವೆರಿ ಗುಡ್' ಅಂದರೆ ನಾಲ್ಕು. 'ಫೈನ್' ಆರು, 'ವೆರಿ ಫೈನ್' ಎಂಟು. ನೀವು "ಚೆನ್ನಾಗೇ ಇದೆಯಲ್ಲ" ಅಂದುಕೊಂಡ ಪುಸ್ತಕ ಸಾಮಾನ್ಯವಾಗಿ ಎರಡರಿಂದ ನಾಲ್ಕರ ನಡುವೆ ಬಂದು ನಿಲ್ಲುತ್ತದೆ. 9.8 ಅಂದರೆ ಅಂಗಡಿಯಿಂದ ತಂದವರು ತೆರೆದೇ ಇಲ್ಲವೇನೋ ಅನ್ನುವ ಹಾಗಿರಬೇಕು. ಬೇಸಿಗೆ ರಜೆಯಲ್ಲಿ ಓಣಿಯ ಹುಡುಗರೆಲ್ಲ ಓದಿದ ಪುಸ್ತಕ ಅಲ್ಲಿಗೆ ಹೋಗುವುದಿಲ್ಲ.

ಇನ್ನು ನಮ್ಮ ಕಡೆಯ ದೊಡ್ಡ ಪೆಟ್ಟು ಅಂದರೆ ಬೈಂಡಿಂಗ್. ಮುದ್ರಣ ಕಾಶಿ ಅಂತ ಹೆಸರಾದ ಗದಗ ಪಕ್ಕದಲ್ಲೇ ಇರುವಾಗ ಬೈಂಡಿಂಗ್ ಮಾಡಿಸದೇ ಇರುವುದು ಹೇಗೆ? ನನ್ನ ಸೋದರಮಾವ ಹತ್ತು-ಹದಿನೈದು ಸಂಚಿಕೆ ಕೂಡಿಸಿ ರಟ್ಟು ಹಾಕಿಸಿ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿ, ಸಂಪುಟ ಮಾಡಿಸಿಟ್ಟಿದ್ದ. ಪ್ರೀತಿಯ ಕೆಲಸವೇ ಅದು. ಆದರೆ ಬೈಂಡಿಂಗ್‌ನವನು ಏನು ಮಾಡುತ್ತಾನೆ? ಪಿನ್ನು ಕಿತ್ತು, ಬೆನ್ನಿನ ಹತ್ತಿರ ದಬ್ಬಣದಿಂದ ತೂತು ಹಾಕಿ ಹೊಲಿದು, ಮೂರೂ ಕಡೆ ಅಂಚು ಸಮ ಕಾಣಲಿ ಅಂತ ಮಷಿನ್‌ನಲ್ಲಿ ಕತ್ತರಿಸುತ್ತಾನೆ. ಆ ಕತ್ತರಿಸಿದ ಅಂಚೇ ಇಲ್ಲಿ ಪ್ರಾಣ ತೆಗೆಯುವುದು. ಗ್ರೇಡ್ ಮಾಡುವವರು ಅದನ್ನು ಕಂಡುಹಿಡಿದು ಲೇಬಲ್ ಮೇಲೇ ಬರೆಯುತ್ತಾರೆ, ಬೆಲೆ ಕುಸಿಯುತ್ತದೆ. ಬಿಡಿ ಪ್ರತಿ ಕೊಳ್ಳುವಾಗಲೂ ನೋಡಿಕೊಳ್ಳಿ. ಸಂಪುಟದಿಂದ ಬಿಚ್ಚಿದ ಪುಸ್ತಕಕ್ಕೆ ಬೆನ್ನಿನ ಪಕ್ಕ ಸಾಲಾಗಿ ತೂತು ಇರುತ್ತದೆ, ಮೇಲಂಚಿನ ಅಕ್ಷರಗಳು ಅಂಚಿಗೆ ತೀರಾ ಹತ್ತಿರ ಬಂದಿರುತ್ತವೆ. ಅದೇ ಕಾಲದ ಬೈಂಡ್ ಆಗದ ಪ್ರತಿಯ ಪಕ್ಕ ಇಟ್ಟು ಸ್ಕೇಲಿನಲ್ಲಿ ಅಳೆದರೆ ಗೊತ್ತಾಗುತ್ತದೆ. ಮಾವನ ಸಂಪುಟಗಳನ್ನು ನಾನು ಬಿಚ್ಚಿಲ್ಲ. ಬಿಚ್ಚಬೇಡಿ ನೀವೂ. ಬಿಚ್ಚಿದರೆ ಸಂಪುಟವೂ ಇಲ್ಲ, ಬಿಡಿ ಪ್ರತಿಯ ಬೆಲೆಯೂ ಇಲ್ಲ.

ಮರುಮುದ್ರಣ ಹೌದೋ ಅಲ್ಲವೋ ಅನ್ನುವುದನ್ನೂ ನೋಡಬೇಕು. ಇಂದ್ರಜಾಲ 1964ರಲ್ಲಿ ಶುರುವಾಗಿ 1990ಕ್ಕೆ ನಿಂತಿತು, ಅಲ್ಲಿ ತಲೆನೋವು ಕಡಿಮೆ. ಅಮರ ಚಿತ್ರ ಕಥೆಯದ್ದು ಬೇರೆ ಕಥೆ, ಅದು ಮತ್ತೆ ಮತ್ತೆ ಅಚ್ಚಾಗಿದೆ, ಸಂಖ್ಯೆಗಳೂ ಬದಲಾಗಿವೆ. ಕಥೆ ಹಳೆಯದು ಅಂದ ಮಾತ್ರಕ್ಕೆ ನಿಮ್ಮ ಪ್ರತಿ ಹಳೆಯದಲ್ಲ. ಮುಖಬೆಲೆ, ಸಂಖ್ಯೆ, ಹಿಂಪುಟದ ಜಾಹೀರಾತು ಮೂರನ್ನೂ ಕೂಡಿಸಿ ನೋಡಿ. ನಮಗೆ ಖುಷಿ ಕೊಡುವ ವಿಷಯ ಒಂದಿದೆ: ಇಂಗ್ಲಿಷ್ ಅಮರ ಚಿತ್ರ ಕಥೆ 11ನೇ ಸಂಖ್ಯೆಯಿಂದ ಶುರುವಾಗುತ್ತದೆ, ಯಾಕೆಂದರೆ ಮೊದಲ ಹತ್ತು ಬಂದದ್ದು ಕನ್ನಡದಲ್ಲಿ. ಅದರ ಹಿಂದೆ ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಇದ್ದರು. ಆ ಹತ್ತರಲ್ಲಿ ಯಾವುದಾದರೂ ರದ್ದಿಯಲ್ಲಿ ಸಿಕ್ಕರೆ ಸದ್ದು ಮಾಡದೆ ದುಡ್ಡು ಕೊಟ್ಟು ಬನ್ನಿ.

ಈಗ ಲೆಕ್ಕ. ಗ್ರೇಡಿಂಗ್ ಶುಲ್ಕ, ಹೋಗುವ ಕೊರಿಯರ್, ಬರುವ ಕೊರಿಯರ್, ವಿಮೆ, ವಾಪಸ್ ಬರುವಾಗ ಕಸ್ಟಮ್ಸ್. ಹೋಗುವಾಗಿನ ಕಾಗದಪತ್ರ ಸರಿ ಇಲ್ಲದಿದ್ದರೆ ನಿಮ್ಮದೇ ಪುಸ್ತಕಕ್ಕೆ ನೀವೇ ಸುಂಕ ಕಟ್ಟಬೇಕಾದೀತು. ಲೆಕ್ಕಕ್ಕೆ ಅಂತ ಎಲ್ಲ ಸೇರಿ ಒಂದಕ್ಕೆ 8000 ರೂಪಾಯಿ ಅಂದುಕೊಳ್ಳಿ. ಪುಸ್ತಕ ಈಗ ಇದ್ದ ಹಾಗೇ ಮಾರಿದರೆ 2000 ಬರುತ್ತದೆ. ಹಾಗಾದರೆ ಗ್ರೇಡ್ ಆದ ಮೇಲೆ 10,000 ದಾಟಿದರೆ ಮಾತ್ರ ನಿಮಗೆ ಏನಾದರೂ ಉಳಿಯುತ್ತದೆ. ಎರಡು ಎಚ್ಚರ: ಜನ ಕೇಳುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಇ-ಬೇಯಲ್ಲಿ ಮಾರಾಟವಾದದ್ದನ್ನು ಮಾತ್ರ ತೋರಿಸು ಅಂತ ಆಯ್ಕೆ ಇದೆ. ಇನ್ನೊಂದು, ನಿಮ್ಮ ಅಂದಾಜಿಗಿಂತ ಒಂದು ಮೆಟ್ಟಿಲು ಕೆಳಗಿನ ಅಂಕಕ್ಕೆ ಲೆಕ್ಕ ಹಾಕಿ. ನಮ್ಮ ಮಕ್ಕಳಿಗೆ ನಾವೇ ಮಾರ್ಕ್ಸ್ ಹಾಕಿದ ಹಾಗೆ ಇದು, ಕೈ ಸಡಿಲವಾಗಿಯೇ ಇರುತ್ತದೆ. ಇಷ್ಟಾದ ಮೇಲೂ ಲಾಭ ಕಂಡರೆ ಕಳಿಸಿ. ಅಮೆರಿಕದ ಯಾವುದೋ ಹೀರೋ ಮೊದಲ ಸಲ ಬಂದ ಹಳೇ ಸಂಚಿಕೆ ನಿಮ್ಮಲ್ಲಿದ್ದರೆ ಯೋಚನೆಯೇ ಬೇಡ, ಗ್ರೇಡ್ ಮಾಡಿಸಿ. ಚೀಟಿ ಇಲ್ಲದೆ ಅಂಥದ್ದಕ್ಕೆ ಸರಿಯಾದ ಬೆಲೆ ಸಿಗುವುದು ಕಷ್ಟ.

ಇನ್ನು ಕಥೆ ಬರೆದವರ, ಚಿತ್ರ ಬಿಡಿಸಿದವರ ಸಹಿಯ ವಿಷಯ. ಮೊದಲಿಗೆ, ಹಾಕುವವರು ಇದ್ದಾರಾ? ಫ್ಯಾಂಟಮ್, ಮಾಂಡ್ರೇಕ್ ಸೃಷ್ಟಿಸಿದ ಲೀ ಫಾಕ್ 1999ರಲ್ಲಿ ತೀರಿಕೊಂಡರು. ಅಮರ ಚಿತ್ರ ಕಥೆಯ, ನಮ್ಮ ಕಾರ್ಕಳದ ಅನಂತ ಪೈ 2011ರಲ್ಲಿ, ಚಾಚಾ ಚೌಧರಿಯ ಪ್ರಾಣ್ 2014ರಲ್ಲಿ, ಸ್ಪೈಡರ್‌ಮ್ಯಾನ್ ಸೃಷ್ಟಿಸಿದವರಲ್ಲಿ ಒಬ್ಬರಾದ ಸ್ಟ್ಯಾನ್ ಲೀ 2018ರಲ್ಲಿ. ಇವರ ಸಹಿ ಇದೆ ಅಂತ ಯಾರಾದರೂ ಕಡಿಮೆ ಬೆಲೆಗೆ ಮಾರಲು ಬಂದರೆ, ಅದು ಯಾವಾಗ, ಎಲ್ಲಿ ಹಾಕಿದ್ದು ಅಂತ ಕೇಳಿ. ಉತ್ತರ ತಡವರಿಸಿದರೆ ಮುಂದೆ ನಡೀರಿ.

ಇರುವವರ ಸಹಿ ಬೇಕೆಂದರೆ ಬೆಂಗಳೂರಿನ ಕಾಮಿಕ್ ಕಾನ್ ಅನ್ನುವ ಕಾಮಿಕ್ಸ್ ಜಾತ್ರೆಗೆ ಹೋಗಿ ಸಾಲಿನಲ್ಲಿ ನಿಂತು ಹಾಕಿಸಿಕೊಳ್ಳಬಹುದು. ಆದರೆ ಒಂದು ತಿಳಿದಿರಲಿ. ಸಹಿ ಅಸಲಿ ಅಂತ ಹೇಳುವ ಸಿಜಿಸಿಯ ಹಳದಿ ಲೇಬಲ್ ಬೇಕಾದರೆ, ಸಹಿ ಹಾಕುವಾಗ ಅವರೇ ಒಪ್ಪಿದ ಸಾಕ್ಷಿದಾರ ಪಕ್ಕದಲ್ಲಿ ನಿಂತಿರಬೇಕು, ಪುಸ್ತಕ ಅವನ ಕೈಯಿಂದಲೇ ಗ್ರೇಡಿಂಗಿಗೆ ಹೋಗಬೇಕು. "ನನ್ನ ಕಣ್ಣೆದುರೇ ಹಾಕಿದ್ದು, ಫೋಟೊ ಇದೆ" ಅಂದರೆ ಆ ಲೇಬಲ್ ಸಿಗುವುದಿಲ್ಲ. ಸಾಕ್ಷಿ ಇಲ್ಲದ ಸಹಿಯನ್ನು ಮುಖಪುಟದ ಮೇಲೆ ಯಾರೋ ಗೀಚಿದ್ದು ಅಂತ ತಗೊಂಡು ಅಂಕ ಕಡಿಮೆ ಮಾಡಬಹುದು. ಸಹಿಯನ್ನು ಆಮೇಲೆ ಹೋಲಿಸಿ ನೋಡಿ ದೃಢಪಡಿಸುವವರೂ ಇದ್ದಾರೆ, ಆದರೆ ಅದಕ್ಕೆ ಮಾದರಿ ಸಹಿ ಬೇಕು. ನಮ್ಮ ಕಲಾವಿದರ ಮಾದರಿ ಅಲ್ಲಿನವರ ಹತ್ತಿರ ಎಲ್ಲಿಂದ ಬರಬೇಕು ಹೇಳಿ? ಹಾಗಾಗಿ ಮಾರುವ ಉದ್ದೇಶವಿದ್ದು ಸಾಕ್ಷಿಯ ವ್ಯವಸ್ಥೆ ಇಲ್ಲದಿದ್ದರೆ, ಒಳ್ಳೇ ಸ್ಥಿತಿಯ ಪ್ರತಿಯ ಮೇಲೆ ಸಹಿ ಹಾಕಿಸಬೇಡಿ. ಅದೇ ಪುಸ್ತಕದ ಹರಿದ ಪ್ರತಿ ಇದ್ದರೆ ಅದರ ಮೇಲೆ ಹಾಕಿಸಿ.

ನಾನು ಒಂದು ಸಲ ಒಬ್ಬ ಚಿತ್ರಕಾರರಿಂದ ಸಹಿ ಹಾಕಿಸಿಕೊಂಡೆ. ಅವಸರದಲ್ಲಿ ಜೇಬಿನ ಬಾಲ್‌ಪೆನ್ ಕೊಟ್ಟುಬಿಟ್ಟೆ. ಅವರು ಒತ್ತಿ ಬರೆದರು, ಗುರುತು ಮೂರನೇ ಹಾಳೆಯವರೆಗೆ ಇಳಿದಿದೆ. ಸಾಲದ್ದಕ್ಕೆ 'ಪ್ರೀತಿಯಿಂದ' ಅಂತ ನನ್ನ ಹೆಸರನ್ನೂ ಬರೆದರು, ಕಾಗುಣಿತ ತಪ್ಪಿ. ಮಾರುವ ದೃಷ್ಟಿಯಿಂದ ಎಲ್ಲಾ ತಪ್ಪೂ ಒಂದೇ ಪುಸ್ತಕದಲ್ಲಿ. ನೀವು ಹಾಗೆ ಮಾಡಬೇಡಿ. ತೆಳುಮೊನೆಯ ಪರ್ಮನೆಂಟ್ ಮಾರ್ಕರ್ ಒಯ್ಯಿರಿ, ಬೇರೆ ಕಾಗದದ ಮೇಲೆ ಮೊದಲು ಬರೆದು ನೋಡಿ, ಮುಖಪುಟದ ತಿಳಿಬಣ್ಣದ ಜಾಗ ತೋರಿಸಿ, ಬರೀ ಸಹಿ ಸಾಕು ಅನ್ನಿ. ಶಾಯಿ ಒಣಗುವವರೆಗೆ ಕವರಿಗೆ ಹಾಕಬೇಡಿ. ಆದರೆ ಮನೆಯಲ್ಲೇ ಇಟ್ಟುಕೊಳ್ಳುವ ಪ್ರತಿಗೆ ಈ ಯಾವ ನಿಯಮವೂ ಬೇಡ, ಹೆಸರು ಬರೆಸಿಕೊಳ್ಳಿ, ಮಗಳ ಹೆಸರು ಬರೆಸಿ, ಪಕ್ಕದಲ್ಲಿ ಒಂದು ಚಿತ್ರ ಗೀಚಿಕೊಟ್ಟರೆ ಇನ್ನೂ ಒಳ್ಳೇದು. ನನ್ನ ಆ ಪುಸ್ತಕ ಮಾರಾಟಕ್ಕಿಲ್ಲ.

ಎರಡೂ ಮಾಡಿಸುವುದಾದರೆ ಸಹಿ ಮೊದಲು, ಗ್ರೇಡ್ ಆಮೇಲೆ. ಸೀಲ್ ಆದ ಮೇಲೆ ಸಹಿ ಹಾಕಿದರೆ ಅದು ಪೆಟ್ಟಿಗೆಯ ಮೇಲಿನ ಸಹಿ, ಅಷ್ಟೇ.

ಮತ್ತೆ, ಕಳಿಸುವ ಮುಂಚೆ ಪುಸ್ತಕವನ್ನು ಚಂದ ಮಾಡಲು ಹೋಗಬೇಡಿ. ಹಳೇ ಸೆಲೋಟೇಪ್ ಕೀಳಬೇಡಿ, ಬಣ್ಣ ಹೋದಲ್ಲಿ ಸ್ಕೆಚ್ ಪೆನ್ ತೀಡಬೇಡಿ, ತುಕ್ಕು ಪಿನ್ನು ತೆಗೆದು ಹೊಸದು ಹೊಡೆಯಬೇಡಿ. ಇವೆಲ್ಲ ಸಿಕ್ಕಿಬೀಳುತ್ತವೆ, ಬಣ್ಣ ತೀಡಿದ್ದಕ್ಕೆ, ರಿಪೇರಿ ಆಗಿದೆ ಅಂತ ಹೇಳುವ ನೇರಳೆ ಲೇಬಲ್ ಬೀಳುತ್ತದೆ, ಕೊಳ್ಳುವವರು ಅದನ್ನು ನೋಡಿದರೆ ಮುಖ ತಿರುಗಿಸುತ್ತಾರೆ. ಸುಕ್ಕು ತೆಗೆಯಲು ಒತ್ತುವ ಪರಿಣಿತರು ಬೇರೆಯೇ ಇದ್ದಾರೆ. ಅಕ್ಕನ ಮಗ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡುತ್ತಿದ್ದ, ಸಮಯಕ್ಕೆ ಸರಿಯಾಗಿ ನೋಡಿದೆ.

ಕಳಿಸುವಾಗ ಪುಸ್ತಕಕ್ಕೆ ಪ್ಲಾಸ್ಟಿಕ್ ಕವರ್, ಹಿಂದೆ ಮುಂದೆ ಗಟ್ಟಿ ರಟ್ಟು, ಅದು ಅಲುಗದ ಹಾಗೆ ಒಂದು ಡಬ್ಬ, ಆ ಡಬ್ಬ ಇನ್ನೊಂದು ಡಬ್ಬದೊಳಗೆ. ನಾನು ಒಂದೇ ಲಕೋಟೆಯಲ್ಲಿ ಕಳಿಸಿದ ಪಾರ್ಸಲ್ ಕೊರಿಯರ್‌ನವರ ಕೈಯಲ್ಲಿ ಚಪಾತಿಯ ಹಾಗೆ ಮಡಚಿಕೊಂಡು ಹೋಯಿತು. ಕಳಿಸುವ ಮುಂಚೆ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ವಿಮೆ ಕೇಳಲೂ ಬೇಕು, ಆಮೇಲೆ ಓದಲೂ ಬೇಕು.

ಕಳಿಸದೇ ಇಟ್ಟುಕೊಂಡವುಗಳಿಗೆ ಖರ್ಚು ಕಡಿಮೆ. ಪಾಲಿಪ್ರೊಪಿಲೀನ್ ಕವರ್, ಆಮ್ಲರಹಿತ ರಟ್ಟು. ಬೀದಿಯಲ್ಲಿ ಸಿಗುವ ವಾಸನೆ ಬರುವ ಪಿವಿಸಿ ಕವರ್ ಬೇಡ, ಅದು ಮುಖಪುಟಕ್ಕೆ ಅಂಟಿಕೊಳ್ಳುತ್ತದೆ. ತಿಜೋರಿಯಲ್ಲಿ ನೆಟ್ಟಗೆ ನಿಲ್ಲಿಸಿ, ಒದ್ದೆ ಗೋಡೆಯಿಂದ ದೂರ. ಡಾಂಬರು ಗುಳಿಗೆ ಕಾಗದಕ್ಕೆ ತಾಗದಿರಲಿ. ಮಳೆಗಾಲ ಮುಗಿದ ಮೇಲೆ ಒಂದು ಸಲ ಹೊರಗೆ ತೆಗೆದು ಹುಳ ನೋಡಿ, ಬಿಸಿಲಿಗೆ ಮಾತ್ರ ಹಾಕಬೇಡಿ.

ಟ್ರಂಕಿನಲ್ಲಿದ್ದ 43 ಪುಸ್ತಕಗಳಲ್ಲಿ ಕೊನೆಗೆ ಗ್ರೇಡಿಂಗಿಗೆ ಅಂತ ಪಕ್ಕಕ್ಕಿಟ್ಟದ್ದು ಒಂದೇ ಒಂದು. ಅದೂ ದುಬೈಯಲ್ಲಿದ್ದ ಕಾಕಾ ಎಂದೋ ತಂದುಕೊಟ್ಟ ಇಂಗ್ಲಿಷ್ ಸಂಚಿಕೆ, ನಮ್ಮಲ್ಲಿ ಯಾರಿಗೂ ಅದು ಅರ್ಥವಾಗದೆ ಓದದೇ ಬಿಟ್ಟಿದ್ದರಿಂದ ಹೊಸದರ ಹಾಗೇ ಉಳಿದಿದೆ. ಮಿಕ್ಕ 42 ಅಕ್ಕನ ಮಗ ಓದುತ್ತಿದ್ದಾನೆ.